ಅಟ್ಟದ ಮೇಲಿನ ಹಾಡುಗಳು: ಮರೆತುಹೋದ ಪಾಪ್ ಮತ್ತು ಎಲೆಕ್ಟ್ರಾನಿಕ್ ಧ್ವನಿಮುದ್ರಿಕೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುತ್ತ, ಗದಗ, ಹಾವೇರಿಗಳ ಸಂತೆ ಜಾತ್ರೆಗಳನ್ನು ಸುತ್ತುತ್ತ, ಯಾರಿಗೂ ಬೇಡವಾದ ಗ್ರಾಮಫೋನ್ ತಟ್ಟೆಗಳನ್ನೂ ಕ್ಯಾಸೆಟ್‌ಗಳನ್ನೂ ಕೂಡಿಹಾಕುವ ಚಟ ನನಗೆ ಬಹಳ ವರ್ಷಗಳಿಂದ ಇದೆ. ಮನೆಗೆ ಬಂದವರು, ಪತ್ರ ಬರೆದವರು, ತಟ್ಟೆಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಫೋನ್ ಮಾಡಿದವರು ಕೇಳಿದ್ದರಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪರಿಚಯ

ಹಳೆಯ ಹಾಡು ಬೇರೆ, ಮರೆತುಹೋದ ಧ್ವನಿಮುದ್ರಿಕೆ ಬೇರೆ ಅಂತೀರಲ್ಲ, ಏನು ವ್ಯತ್ಯಾಸ?

ರಾಜನ್-ನಾಗೇಂದ್ರರ ಹಾಡು ಎಷ್ಟೇ ಹಳೆಯದಾದರೂ ಅದು ಮರೆತುಹೋಗಿಲ್ಲ; ಆಕಾಶವಾಣಿಯಲ್ಲೂ ಮದುವೆ ಮನೆಯಲ್ಲೂ ಅದು ಕೇಳುತ್ತಲೇ ಇದೆ. ನಾನು ಹುಡುಕುವುದು ಕಡಿಮೆ ಪ್ರತಿಗಳಲ್ಲಿ ಹೊರಬಂದು, ಮಾರಾಟವಾಗದೆ ಉಳಿದು, ಆಮೇಲೆ ಯಾವ ಕಂಪನಿಯೂ ಮರುಮುದ್ರಿಸದ ತಟ್ಟೆಗಳನ್ನು ಮತ್ತು ಕ್ಯಾಸೆಟ್‌ಗಳನ್ನು. ಇವೆರಡರ ನಡುವೆ ಮೂರನೆಯ ಒಂದು ಜಾತಿಯೂ ಇದೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡನ್ನೇ ತೆಗೆದುಕೊಳ್ಳಿ. ಚಿತ್ರವನ್ನು ಕನ್ನಡಿಗರು ಮರೆತಿರಲಿಲ್ಲ. ಆದರೆ ಆ ಹಾಡು ದಶಕಗಳ ನಂತರ ಅಂತರ್ಜಾಲದಲ್ಲಿ ಕನ್ನಡದ ಗಂಧವೇ ಇಲ್ಲದವರ ಕೈಗೆ ಸಿಕ್ಕಿ, ಮೊದಲು ತಮಾಷೆಯಾಗಿ, ಆಮೇಲೆ ಪ್ರೀತಿಯಿಂದ ಊರೂರು ತಿರುಗಿತು. ಕೇಳುವವರು ಬದಲಾದಾಗ ಹಾಡಿಗೆ ಎರಡನೆಯ ಆಯುಷ್ಯ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಧಾರವಾಡದಾಗ ಕುಂತು ಡಿಸ್ಕೊ, ಸಿಂಥಸೈಜರ್ ಅಂತ ಹುಡಕತೀರಲ್ಲ, ಇಲ್ಲಿ ಅಂಥಾದ್ದು ಏನೈತ್ರಿ?

ಈ ಪ್ರಶ್ನೆಯಲ್ಲಿ ಅರ್ಧ ಕುಹಕ, ಅರ್ಧ ಹೆಮ್ಮೆ ಇರುತ್ತದೆ. ಹೆಮ್ಮೆ ಸಹಜವಾದದ್ದೇ. ಗಂಗೂಬಾಯಿ ಹಾನಗಲ್ ಅವರು ತಮ್ಮ ಮೊದಲ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ, ಅದರ ಜೊತೆಗೆ ಹುಬ್ಬಳ್ಳಿಯ ಹೆಸರನ್ನೂ ಹೊತ್ತು ಹಾಡಿದವರು. ಭೀಮಸೇನ ಜೋಶಿಯವರು ಗದಗ ಸೀಮೆಯ ರೋಣದವರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಸ್ಟುಡಿಯೊದಲ್ಲಿ ಖಯಾಲಿನ ದೊಡ್ಡ ಹೆಸರುಗಳೆಲ್ಲ ಕುಳಿತು ಹಾಡಿವೆ. ಹೀಗಾಗಿ ಇಲ್ಲಿನ ಮನೆಗಳಲ್ಲಿ ಮಲ್ಲಿಕಾರ್ಜುನ ಮನಸೂರರ ತಟ್ಟೆ ಕಪಾಟಿನಲ್ಲಿ ಉಳಿಯಿತು, ಮಿಕ್ಕದ್ದು ಅಟ್ಟಕ್ಕೆ ಹೋಯಿತು. ‘ಲಘು ಸಂಗೀತ’ ಎಂದು ಕರೆಯುವಾಗಲೇ ನಾವು ಅದರ ತೂಕವನ್ನು ನಿರ್ಧರಿಸಿಬಿಟ್ಟಿರುತ್ತೇವೆ.

ಅಟ್ಟಕ್ಕೆ ಹೋದದ್ದರಲ್ಲಿ ಏನಿದೆ ಎಂದು ನೋಡಿದರೆ ಎರಡು ಪದರಗಳು ಕಾಣುತ್ತವೆ. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರೈಲು, ವ್ಯಾಪಾರ, ನೆಂಟಸ್ತಿಕೆ ಎಲ್ಲವೂ ಮುಂಬಯಿ, ಪುಣೆಗಳ ಕಡೆಗಿದ್ದವು. ಆದ್ದರಿಂದ ಇಲ್ಲಿನ ಹಳೆಯ ಕಂತೆಗಳಲ್ಲಿ ಮರಾಠಿ ನಾಟ್ಯಗೀತೆಗಳ ಜೊತೆಗೆ ಮುಂಬಯಿಯ ವಾದ್ಯವೃಂದಗಳು ನುಡಿಸಿದ ಚಿತ್ರಗೀತೆಗಳ ತಟ್ಟೆಗಳು, ಗಿಟಾರು, ಆರ್ಗನ್ನು, ಅಕಾರ್ಡಿಯನ್ನುಗಳ ಪುಟ್ಟ ತಟ್ಟೆಗಳು ನನಗೆ ಬೆಂಗಳೂರಿನಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚು ಸಿಕ್ಕಿವೆ. ಎರಡನೆಯದು ಕ್ಯಾಸೆಟ್ಟಿನ ಪದರ. 1980ರ ದಶಕದ ಕೊನೆ ಮತ್ತು 90ರ ದಶಕದಲ್ಲಿ ಸಣ್ಣಾಟದ ಪದ, ತತ್ವಪದ, ಜಾತ್ರೆಯ ಹಾಡು, ಹಾಸ್ಯ ನಾಟಕಗಳ ಕ್ಯಾಸೆಟ್‌ಗಳು ನಮ್ಮ ಕಡೆ ಸಂತೆಯಲ್ಲಿ ಬಳೆ, ರಿಬ್ಬನ್ನುಗಳ ಪಕ್ಕದಲ್ಲೇ ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಹಾರ್ಮೋನಿಯಮ್ಮಿನ ಜಾಗಕ್ಕೆ ಕ್ಯಾಸಿಯೊ ಕೀಬೋರ್ಡು, ತಬಲಾದ ಜಾಗಕ್ಕೆ ಆಕ್ಟೋಪ್ಯಾಡು ಬಂದು ಕುಳಿತಿರುತ್ತವೆ. ಶರೀಫರ ಪದದ ಹಿಂದೆ ಯಂತ್ರದ ಲಯ ಬಡಿಯುವುದನ್ನು ಕೇಳಿ ಹಿರಿಯರು ಮುಖ ಸಿಂಡರಿಸುತ್ತಾರೆ. ನನಗೆ ಅದೇ ಈ ಸೀಮೆಯ ನಿಜವಾದ ಎಲೆಕ್ಟ್ರಾನಿಕ್ ಸಂಗೀತ ಎನಿಸುತ್ತದೆ, ಮತ್ತು ಅದನ್ನು ಪಟ್ಟಿ ಮಾಡುವ ಕೆಲಸಕ್ಕೆ ಕೈಹಾಕಿದವರು ಬಹಳ ಕಡಿಮೆ.

ಹತ್ತು ರಾಗದ ಡಿಸ್ಕೊ ಪ್ಲೇಟಿನ ಕಥಿ ಖರೇನ? ಅಮೆರಿಕಾದವರಿಗಿಂತ ಮೊದಲ ನಮ್ಮವರ ಮಾಡಿದ್ರಂತ?

ತಟ್ಟೆಯ ಕಥೆ ನಿಜ. ಅದಕ್ಕೆ ಕಟ್ಟಿದ ಕಿರೀಟದ ಬಗ್ಗೆ ಸ್ವಲ್ಪ ಎಚ್ಚರಿಕೆ ಬೇಕು. ಮುಂಬಯಿಯ ಚಿತ್ರಸಂಗೀತ ಸ್ಟುಡಿಯೊಗಳಲ್ಲಿ ಗಿಟಾರು ಮತ್ತು ಕೀಬೋರ್ಡು ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ವಿದ್ಯುತ್ ವಾದ್ಯ ತಯಾರಿಸುವ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿಕೊಂಡು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ತಟ್ಟೆ ಮಾಡಿದರು. ಲಯಕ್ಕೆ ಟಿಆರ್-808, ಕೆಳಸ್ಥಾಯಿಯ ಸರಣಿಗೆ ಟಿಬಿ-303, ರಾಗದ ನಡೆಗೆ ಜುಪಿಟರ್-8. ಭೈರವ್, ಲಲಿತ್, ತೋಡಿ, ಯಮನ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳು ಅದರಲ್ಲಿವೆ. ಎಚ್‌ಎಂವಿ ಹೊರತಂದರೂ ತಟ್ಟೆ ಮಾರಾಟವಾಗಲಿಲ್ಲ. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಅವರು ಅದನ್ನು ಮರುಮುದ್ರಿಸಿದ ಮೇಲೆ ಯುರೋಪಿನ ಕೇಳುಗರು ಬೆಚ್ಚಿಬಿದ್ದರು. ಏಕೆಂದರೆ ಇದೇ 303 ಯಂತ್ರದ ಜಾರುವ, ಗುಳುಗುಳು ಸದ್ದಿನ ಮೇಲೆ ನಿಂತ ಶಿಕಾಗೊದ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತ ಶೈಲಿಯ ಮೊದಲ ಪ್ರಸಿದ್ಧ ತಟ್ಟೆ ಬಂದದ್ದು 1987ರಲ್ಲಿ.

ಹಾಗೆಂದು ಶಿಕಾಗೊದವರು ನಮ್ಮಿಂದ ಕಲಿತರು ಎನ್ನುವುದು ಸರಿಯಲ್ಲ. ಅವರು ಈ ತಟ್ಟೆಯನ್ನು ಕೇಳಿರಲಿಲ್ಲ. ಒಂದೇ ಯಂತ್ರ ಎರಡು ಕಡೆ ಎರಡು ಕಾರಣಕ್ಕೆ ಒಂದೇ ಬಗೆಯ ಸದ್ದು ಮಾಡಿತು ಎನ್ನುವುದೇ ನನಗೆ ಹೆಚ್ಚು ಕುತೂಹಲದ ಸಂಗತಿ. 303 ಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಮುರಿಯದೆ ಜಾರುವ ಸೌಲಭ್ಯವಿದೆ. ಹಿಂದುಸ್ತಾನಿ ಗಾಯನದಲ್ಲಿ ಸ್ವರ ಜಾರಿಸುವ ಮೀಂಡಿನ ಮೇಲೆ ಬೆಳೆದ ಕಿವಿಗೆ ಆ ಜಾರು ಏನನ್ನು ನೆನಪಿಸುತ್ತದೆ ಎಂದು ಧಾರವಾಡದವರಿಗೆ ಹೇಳಿಕೊಡಬೇಕಾಗಿಲ್ಲ. ಬಾಸ್ ಗಿಟಾರಿನ ಬದಲಿಗೆ ಎಂದು ತಯಾರಾದ ಆ ಯಂತ್ರ ಆ ಕೆಲಸಕ್ಕೆ ಒಗ್ಗದೆ ಸೋತು, 1984ರಲ್ಲಿ ತಯಾರಿಕೆಯೇ ನಿಂತುಹೋಯಿತು. ಅದು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದುದರಿಂದಲೇ ಶಿಕಾಗೊದ ಹುಡುಗರ ಕೈಗೆ ಬಂತು. ಚರಣ್‌ಜಿತ್ ಸಿಂಗ್ ಅವರು 2015ರಲ್ಲಿ ತೀರಿಕೊಂಡರು; ಅದಕ್ಕೆ ಮೊದಲು ಯುರೋಪಿನ ವೇದಿಕೆಗಳಲ್ಲಿ ಆ ರಾಗಗಳನ್ನು ಮತ್ತೆ ನುಡಿಸುವ ಅವಕಾಶ ಅವರಿಗೆ ಸಿಕ್ಕಿತ್ತು.

ಹಂಗಾರ ಭಾರತದಾಗ ಎಲೆಕ್ಟ್ರಾನಿಕ್ ಸಂಗೀತ ಶುರುವಾಗಿದ್ದು ಯಾವಾಗ?

‘ಮೊದಲು ಯಾರು’ ಎಂಬ ಪ್ರಶ್ನೆಗೆ ಉತ್ತರ ಸದಾ ಹಿಂದಕ್ಕೆ ಸರಿಯುತ್ತಲೇ ಇರುತ್ತದೆ. 1954ರ ‘ನಾಗಿನ್’ ಹಿಂದಿ ಚಿತ್ರದಲ್ಲಿ ಹಾವಾಡಿಗನ ಪುಂಗಿಯೆಂದು ನಾವು ನಂಬಿದ ಸದ್ದು ಕ್ಲಾವಯೊಲಿನ್ ಎಂಬ ವಿದ್ಯುತ್ ವಾದ್ಯದ್ದು. ಅದನ್ನು ನುಡಿಸಿದವರು ಮುಂದೆ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ. ಶುದ್ಧ ಪ್ರಯೋಗದ ಲೆಕ್ಕ ಹಿಡಿದರೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಹೋಗಬೇಕು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅಲ್ಲಿ ಮೂಗ್ ಸಿಂಥಸೈಜರ್ ಸ್ಥಾಪಿಸಿಕೊಟ್ಟರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು 1972ರವರೆಗೆ ಅದರಲ್ಲಿ ಕೆಲಸ ಮಾಡಿದರು. ಆಮೇಲೆ ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಮಲಗಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಸ್ 2017ರಲ್ಲಿ ಅವನ್ನು ಕಂಡು, ಆಯ್ದ ಕೃತಿಗಳು 2023ರಲ್ಲಿ ಪ್ರಕಟವಾಗುವಂತೆ ಮಾಡಿದರು. ಗಮನಿಸಿ, ಈ ಟೇಪುಗಳು ಕಳೆದುಹೋಗಿರಲಿಲ್ಲ. ಕಪಾಟಿನ ಬಾಗಿಲು ತೆರೆದು ಕೇಳಿದವರು ಇರಲಿಲ್ಲ, ಅಷ್ಟೇ.

ಇದರಲ್ಲಿ ಹೆಣ್ಣುಮಕ್ಕಳ ಹೆಸರೇ ಕಾಣುವುದಿಲ್ಲವಲ್ಲ?

ಕಾಣುತ್ತದೆ, ಆದರೆ ತಡವಾಗಿ. ಮೇಲೆ ಹೇಳಿದ ಗೀತಾ ಸಾರಾಭಾಯಿ ಒಬ್ಬರು. ಇನ್ನೊಬ್ಬರು ಬಂಗಾಳದ ರೂಪಾ ಬಿಸ್ವಾಸ್. ಕೆನಡಾದ ಕ್ಯಾಲ್ಗರಿಯಲ್ಲಿ ಸರೋದ್ ವಾದಕ ಆಶಿಶ್ ಖಾನ್ ಮೊದಲಾದವರ ಜೊತೆ ಅವರು ಹಾಡಿದ ‘ಡಿಸ್ಕೊ ಜಾಝ್’ 1982ರಲ್ಲಿ ಹೊರಬಂದು ಗದ್ದಲವಿಲ್ಲದೆ ಮುಳುಗಿತು. ಪಾಕಿಸ್ತಾನದ ಗಾಯಕಿ ನಾಝಿಯಾ ಹಸನ್ ಅವರ ‘ಡಿಸ್ಕೊ ದೀವಾನೆ’ ಉಪಖಂಡದ ತುಂಬ ಮೊಳಗಿದ್ದು ಅದರ ಹಿಂದಿನ ವರ್ಷವೇ. ಅದರ ನಿರ್ಮಾಪಕ ಬಿದ್ದು ಅಪ್ಪಯ್ಯ ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ ಎನ್ನುವುದನ್ನು ಇಲ್ಲಿ ಹೇಳದಿದ್ದರೆ ಕೊಡಗಿನ ಸ್ನೇಹಿತರು ಬೇಸರಿಸಿಕೊಳ್ಳುತ್ತಾರೆ. ರೂಪಾ ಅವರ ತಟ್ಟೆ ದೂರದ ಸಂಗ್ರಾಹಕರ ನಡುವೆ ದುಬಾರಿ ಬೆಲೆಗೆ ಕೈಬದಲಾಗುತ್ತಿದ್ದಾಗ ಅವರ ಮನೆಯಲ್ಲಿ ಆ ಸುದ್ದಿಯೇ ಇರಲಿಲ್ಲ. 2019ರಲ್ಲಿ ಅದು ಮರುಮುದ್ರಣಗೊಂಡಿತು.

## ಹುಡುಕಾಟ

ಹುಬ್ಬಳ್ಳಿಯೊಳಗ ಎಲ್ಲಿ ಹುಡಕಬೇಕ್ರಿ? ದುರ್ಗದ ಬೈಲಿನಾಗ ಸಿಗತಾವೇನು?

ದುರ್ಗದ ಬೈಲಿನ ಗಲ್ಲಿಗಳಲ್ಲಿ ಒಂದು ಕಾಲಕ್ಕೆ ಕ್ಯಾಸೆಟ್‌ಗಳ ರಾಶಿ ಇರುತ್ತಿತ್ತು. ಈಗ ಅಲ್ಲಿ ಮಿರ್ಚಿ ಗಿರ್ಮಿಟ್ಟು ತಿಂದು ಬರಬಹುದು, ತಟ್ಟೆ ಸಿಗುವುದು ಅಪರೂಪ. ಗುಜರಿ ಅಂಗಡಿಗಳಿಗೆ ವಾರ ವಾರ ಹೋಗಬೇಕು, ಏಕೆಂದರೆ ಅಲ್ಲಿ ಬಂದ ಮಾಲು ಹೆಚ್ಚು ದಿನ ನಿಲ್ಲುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಅತ್ಯುತ್ತಮ ಜಾಗ ಅಂಗಡಿಯಲ್ಲ, ಹಳೆಯ ಮೈಕ್‌ಸೆಟ್‌ನವರ ಮನೆ. ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತ್ರೆ, ಮದುವೆ, ಗಣೇಶ ಚೌತಿಗಳಿಗೆ ಧ್ವನಿವರ್ಧಕ ಕಟ್ಟುತ್ತಿದ್ದವರ ಬಳಿ ತಗಡಿನ ಪೆಟ್ಟಿಗೆಗಟ್ಟಲೆ ತಟ್ಟೆಗಳಿರುತ್ತಿದ್ದವು. ಜನ ಕೇಳಿದ ಸಿನಿಮಾ ಹಾಡುಗಳು ಸವೆದು ಹಾಳಾಗಿವೆ. ಯಾರೂ ಕೇಳದ ವಾದ್ಯಸಂಗೀತದ ತಟ್ಟೆಗಳು ಅದೇ ಕಾರಣಕ್ಕೆ ಹೊಸದರಂತೆ ಉಳಿದಿವೆ. ನಮ್ಮಂಥವರಿಗೆ ಇದಕ್ಕಿಂತ ಅನುಕೂಲವಾದ ಅನ್ಯಾಯ ಇನ್ನೊಂದಿಲ್ಲ.

ಯುಗಾದಿ, ದೀಪಾವಳಿಗೆ ಮುಂಚಿನ ಎರಡು ವಾರ ಮನೆಗಳಲ್ಲಿ ಅಟ್ಟ ಸ್ವಚ್ಛ ಮಾಡುವ ಸಮಯ. ರೇಡಿಯೊ ರಿಪೇರಿ ಮಾಡುವವರಿಗೆ, ಹಳೆ ಪೇಪರು ಕೊಳ್ಳುವವರಿಗೆ ಮೊದಲೇ ಹೇಳಿಟ್ಟಿದ್ದರೆ ಆಗ ಫೋನು ಬರುತ್ತದೆ.

ನಮ್ಮ ಅಜ್ಜನ ಕಾಲದ ಪ್ಲೇಟ್ ಅದಾವ. ಏನರ ರೊಕ್ಕ ಬರತೈತೇನ್ರಿ?

ಹೆಚ್ಚಾಗಿ ಬರುವುದಿಲ್ಲ. ಹಳೆಯದಾದಷ್ಟೂ ಬೆಲೆ ಎಂಬುದು ತಪ್ಪು ತಿಳಿವಳಿಕೆ. ಲಕ್ಷಗಟ್ಟಲೆ ಮಾರಾಟವಾದ ಚಿತ್ರಗೀತೆಗೆ ಬೆಲೆಯಿಲ್ಲ, ಮಾರಾಟವೇ ಆಗದ ತಟ್ಟೆಗೆ ಕೆಲವೊಮ್ಮೆ ಇದೆ. ಮಾರುವ ಮೊದಲು ಒಂದೊಂದರ ಲೇಬಲ್ಲಿನ ಫೋಟೊ ತೆಗೆದಿಡಿ.

ಕವರ್ ಇಲ್ಲ, ಲೇಬಲ್ ಅಳಿಸಿಹೋಗಿದೆ. ಇದು ಯಾರ ಹಾಡು ಅಂತ ಹೇಗೆ ತಿಳಿಯುವುದು?

ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಾಡು ಮುಗಿದ ಮೇಲೆ, ಲೇಬಲ್ಲಿಗೆ ಮೊದಲು ಒಂದು ನುಣುಪಾದ ಪಟ್ಟಿ ಇರುತ್ತದೆ. ಅದರಲ್ಲಿ ಅಚ್ಚೊತ್ತಿದ ಅಥವಾ ಕೈಯಿಂದ ಗೀರಿದ ಅಂಕಿ ಅಕ್ಷರಗಳಿರುತ್ತವೆ. ಇದು ಅಚ್ಚಿನ ಸಂಖ್ಯೆ. ಲೇಬಲ್ಲು ಸುಳ್ಳು ಹೇಳಬಹುದು, ಏಕೆಂದರೆ ಅದನ್ನು ಆಮೇಲೆ ಅಂಟಿಸಿರುತ್ತಾರೆ ಮತ್ತು ಕಾರ್ಖಾನೆಯಲ್ಲಿ ಎರಡೂ ಬದಿಯ ಲೇಬಲ್ಲುಗಳು ಅದಲುಬದಲಾಗಿರುವುದೂ ಉಂಟು. ಅಚ್ಚಿನ ಸಂಖ್ಯೆ ಸದ್ದಿನ ಜೊತೆಗೇ ಹುಟ್ಟಿದ್ದು. ಆ ಸಂಖ್ಯೆಯನ್ನು ಕಂಪನಿಯ ಹಳೆಯ ಪಟ್ಟಿಗಳ ಜೊತೆ, ಇಲ್ಲವೇ ಅಕ್ಕಪಕ್ಕದ ಸಂಖ್ಯೆಯ ಗೊತ್ತಿರುವ ತಟ್ಟೆಗಳ ಜೊತೆ ಇಟ್ಟು ನೋಡಿದರೆ ಧ್ವನಿಮುದ್ರಣದ ಕಾಲ ಹೆಚ್ಚುಕಡಿಮೆ ಸಿಗುತ್ತದೆ.

ತೀರ ಹಳೆಯ 78 ವೇಗದ (ನಿಮಿಷಕ್ಕೆ 78 ಸುತ್ತಿನ) ತಟ್ಟೆಯಾದರೆ ಕೊನೆಯವರೆಗೂ ಕೇಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಶುರುವಾದಾಗ ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಲೇಬಲ್ ಅಂಟಿಸಬೇಕೆಂದು ತಿಳಿಯಲೆಂದು ಗಾಯಕಿ ಗೌಹರ್ ಜಾನ್ ಮೊದಲಾದವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಆದ ಮೇಲೆ ಆ ಅಗತ್ಯ ತಪ್ಪಿತು, ಅಭ್ಯಾಸ ಮಾತ್ರ ಇನ್ನಷ್ಟು ಕಾಲ ಉಳಿಯಿತು.

ರೇಡಿಯೊದಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಂಡ ಒಂದು ಹಾಡಿದೆ. ಮೂವತ್ತು ವರ್ಷದಿಂದ ಯಾರದೆಂದು ಗೊತ್ತಾಗಿಲ್ಲ. ಆಶೆ ಬಿಡಲೇ?

ಬಿಡಬೇಡಿ. 1984ರ ಸುಮಾರಿಗೆ ಜರ್ಮನಿಯ ಹುಡುಗನೊಬ್ಬ ರೇಡಿಯೊದಿಂದ ಒಂದು ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ. 2007ರಿಂದ ಜಗತ್ತಿನ ಸಾವಿರಾರು ಜನ ಅಂತರ್ಜಾಲದಲ್ಲಿ ಅದರ ಬೆನ್ನು ಹತ್ತಿದರು. 2024ರ ನವೆಂಬರಿನಲ್ಲಿ ಅದು ಕೀಲ್ ನಗರದ ಫೆಕ್ಸ್ ಎಂಬ ತಂಡದ ಹಾಡೆಂದು ಪತ್ತೆಯಾಯಿತು. ಹಾಡು ಗುರುತಿಸುವ ಯಾವ ತಂತ್ರಾಂಶದಿಂದಲೂ ಆಗದ ಕೆಲಸ ಹಳೆಯ ದಿನಪತ್ರಿಕೆಗಳನ್ನು ತಿರುವಿ ಹಾಕಿದವರಿಂದ ಆಯಿತು. ನಮ್ಮಲ್ಲೂ ದಾರಿ ಅದೇ: ಅದೇ ಕ್ಯಾಸೆಟ್ಟಿನ ಹಿಂದಿನ ಮುಂದಿನ ಹಾಡುಗಳಿಂದ ವರ್ಷವನ್ನು ಅಂದಾಜು ಮಾಡಿ, ಉದ್ಘೋಷಕರ ಅರ್ಧ ಮಾತು ಉಳಿದಿದ್ದರೆ ಅದನ್ನು ಬರೆದುಕೊಳ್ಳಿ, ಆ ವರ್ಷಗಳ ಪತ್ರಿಕೆಗಳ ಕಾರ್ಯಕ್ರಮ ಪಟ್ಟಿ ನೋಡಿ. ಹಳೆಯ ಸಂಚಿಕೆಗಳನ್ನು ಕೂಡಿಟ್ಟ ಗ್ರಂಥಾಲಯವೊಂದಕ್ಕೆ ನಡೆದು ಹೋಗುವ ತಾಳ್ಮೆ ಇದ್ದರೆ ಸಾಕು.

## ಆರೈಕೆ ಮತ್ತು ಪ್ರತಿ ತೆಗೆಯುವುದು

ಧಾರವಾಡದ ಮಳಿಗೆ ಪ್ಲೇಟಿಗೆ ಬೂಷ್ಟು ಹಿಡದದ. ಹ್ಯಾಂಗ ತೊಳೀಬೇಕು?

ಮೊದಲು ಅದು ಯಾವ ತಟ್ಟೆ ಎಂದು ನೋಡಿ. ಭಾರವಾಗಿ, ಬಿದ್ದರೆ ಒಡೆಯುವ 78 ವೇಗದ ತಟ್ಟೆ ಅರಗಿನದು. ನಮ್ಮದೇ ಕಾಡುಗಳ ಅರಗಿನ ಹುಳದಿಂದ ಬಂದ ಅರಗಿಗೆ ಕಲ್ಲಿನ ಪುಡಿ ಸೇರಿಸಿ ಮಾಡಿದ್ದು. ಅದಕ್ಕೆ ಸ್ಪಿರಿಟ್ಟು ತಾಗಿಸಲೇಬಾರದು, ಮರದ ಪಾಲಿಶ್ ಕರಗುವಂತೆ ಅದೂ ಕರಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಒಂದು ಹನಿ ಮೃದುವಾದ ಸೋಪು, ಮೆತ್ತಗಿನ ಬ್ರಷ್ಷು, ತೊಳೆದ ಕೂಡಲೇ ಒರೆಸುವುದು, ಇಷ್ಟು ಸಾಕು. ಬಾಗುವ ವಿನೈಲ್ ತಟ್ಟೆಗೂ ಇದೇ ಕ್ರಮ ನಡೆಯುತ್ತದೆ. ಎರಡರಲ್ಲೂ ಲೇಬಲ್ಲು ತೋಯಬಾರದು. ಧಾರವಾಡದಲ್ಲಿ ಶತ್ರು ತೇವವಾದರೆ ಗದಗದಲ್ಲಿ ಬಿಸಿಲು. ಪತ್ರಾಸಿನ ಕೆಳಗೆ ಅಡ್ಡ ಪೇರಿಸಿಟ್ಟ ವಿನೈಲು ಒಂದೇ ಬೇಸಿಗೆಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಪುಸ್ತಕದ ಹಾಗೆ ನಿಲ್ಲಿಸಿಡಿ.

ಹೊಸ ಸೂಟ್‌ಕೇಸ್ ಪ್ಲೇಯರ್ ತಂದೀನಿ, ಎಲ್ಲಾ ಪ್ಲೇಟೂ ಹಚ್ಚಬಹುದಲ್ಲ?

ಬೇಡ. 78ರ ಗೀರುಗಳು ವಿನೈಲಿನ ಸೂಕ್ಷ್ಮ ಗೀರುಗಳಿಗಿಂತ ಸುಮಾರು ಮೂರು ಪಟ್ಟು ಅಗಲ; ಅದಕ್ಕೆ ಬೇರೆಯದೇ ಮುಳ್ಳು ಬೇಕು. ಸಣ್ಣ ಮುಳ್ಳು ಅಗಲ ಗೀರಿನ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ನುಡಿಸುತ್ತದೆ. ಹಳೆಯ ಉಕ್ಕಿನ ಮುಳ್ಳನ್ನು ವಿನೈಲಿನ ಮೇಲೆ ಇಟ್ಟರಂತೂ ಅದು ನೇಗಿಲು.

ಕ್ಯಾಸೆಟ್ಟು ಕಂಪ್ಯೂಟರಿಗೆ ಹಾಕಿದೆ, ಆದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಏನು ತಪ್ಪಾಗಿದೆ?

ಬಹುಮಟ್ಟಿಗೆ ಅದು ಟೇಪನ್ನು ಓದುವ ಹೆಡ್ಡಿನ ಓರೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಷ್ಟು ನಿಧಾನವಾಗಿ ಓಡುತ್ತದೆ. ಆದ್ದರಿಂದ ತಾರಸ್ವರದ ಕಂಪನಗಳು ಅದರ ಮೇಲೆ ಕೂದಲೆಳೆಯಷ್ಟು ಇಕ್ಕಟ್ಟಾಗಿ ಕೂತಿರುತ್ತವೆ. ಧ್ವನಿ ಮುದ್ರಿಸಿದ ಯಂತ್ರದ ಹೆಡ್ಡು ಸ್ವಲ್ಪ ವಾಲಿದ್ದು, ನಿಮ್ಮದು ನೆಟ್ಟಗಿದ್ದರೆ, ಆ ಕಂಪನಗಳು ಒಂದನ್ನೊಂದು ನುಂಗಿಹಾಕುತ್ತವೆ. ಸಂತೆಯಲ್ಲಿ ಮಾರಾಟವಾದ ಕ್ಯಾಸೆಟ್‌ಗಳಲ್ಲಿ ಇದು ರೂಢಿಯೇ ಆಗಿತ್ತು. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು, ಟೇಪು ಓಡುತ್ತಿರುವಾಗಲೇ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ, ತಾಳದ ಕಿಣಿಕಿಣಿ ಅತ್ಯಂತ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ಇದನ್ನು ಗಣಕಕ್ಕೆ ಇಳಿಸುವ ಮೊದಲೇ ಮಾಡಬೇಕು. ಆಮೇಲೆ ಯಾವ ತಂತ್ರಾಂಶವೂ ಹೋದ ಸ್ವರವನ್ನು ವಾಪಸು ತರುವುದಿಲ್ಲ.

ಮೂಲ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ನಷ್ಟವಿಲ್ಲದ ಕಡತವಾಗಿ ಇಟ್ಟುಕೊಳ್ಳಿ. ಗದ್ದಲ ತೆಗೆಯುವ ಕೆಲಸವನ್ನು ಇನ್ನೊಂದು ಪ್ರತಿಯ ಮೇಲೆ ಮಾಡಿ, ಅದೂ ಜಿಪುಣತನದಿಂದ. ಹಿಸ್ಸೆನ್ನುವ ಸದ್ದನ್ನು ಪೂರ್ತಿ ಒರೆಸುವ ಆತುರದಲ್ಲಿ ನಾನೇ ಒಮ್ಮೆ ಒಂದು ತತ್ವಪದದ ಹಿಂದಿನ ತಂಬೂರಿಯನ್ನು ಅಳಿಸಿಹಾಕಿದ್ದೆ.

ಸ್ಪೂಲ್ ಟೇಪು ಅಂಟಂಟಾಗಿ ಕಿರುಚುತ್ತದೆ. ಬಿಸಿ ಮಾಡಿದರೆ ಸರಿಹೋಗುತ್ತದೆ ಎನ್ನುವುದು ನಿಜವೇ?

1970ರ ಮತ್ತು 80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅಂಥವನ್ನು ಸುಮಾರು 50ರಿಂದ 55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಆರಿಸಿದರೆ ಕೆಲವು ವಾರ ನುಡಿಸುವಂತಾಗುತ್ತದೆ, ಆ ಅವಧಿಯಲ್ಲಿ ಪ್ರತಿ ತೆಗೆದುಕೊಳ್ಳಬೇಕು. ಆದರೆ ಅದಕ್ಕಿಂತ ಹಳೆಯ ಅಸಿಟೇಟ್ ಟೇಪಿಗೆ ಇದೇ ಶಾಖ ಮೃತ್ಯು. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಅರೆಪಾರದರ್ಶಕವಾಗಿ ಕಂಡರೆ, ಹುಣಸೆ ಕೊಳೆತಂಥ ಹುಳಿ ವಾಸನೆ ಬಂದರೆ ಅದು ಅಸಿಟೇಟ್. ಅಡುಗೆಮನೆಯ ಓವನ್ನಿನಲ್ಲಿ ಪ್ರಯೋಗ ಮಾಡದೆ, ಈ ಕೆಲಸ ಬಲ್ಲವರಿಗೇ ಕೊಡಿ.

## ಹಕ್ಕು, ಹೆಸರು, ಋಣ

ಹಳೆ ಪ್ಲೇಟು ನಂದ ಐತಿ. ಅದರ ಹಾಡು ಇಂಟರ್‌ನೆಟ್ಟಿಗೆ ಹಾಕಿದರ ಯಾರರ ಕೇಳತಾರೇನು?

ತಟ್ಟೆ ನಿಮ್ಮದು, ಅದರೊಳಗಿನ ಹಾಡು ನಿಮ್ಮದಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿದಿದೆ. 1982ರದು 2042ರ ಕೊನೆಯವರೆಗೆ ನಡೆಯುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಹಾಡಿನ ಸಾಹಿತ್ಯಕ್ಕೂ ಸ್ವರ ಸಂಯೋಜನೆಗೂ ಬೇರೆ ಬೇರೆ ಹಕ್ಕುಗಳಿವೆ. ಅವು ಬರೆದವರ, ಸಂಯೋಜಿಸಿದವರ ಮರಣಾನಂತರ 60 ವರ್ಷದವರೆಗೆ ಉಳಿಯುತ್ತವೆ. ಹಕ್ಕುದಾರರು ಯಾರೆಂದೇ ಪತ್ತೆಯಾಗದ ಕೃತಿಗಳಿಗೆ ಅನುಮತಿ ಪಡೆಯಲು ಅದೇ ಕಾಯ್ದೆಯ 31ಎ ಕಲಮಿನಲ್ಲಿ ದಾರಿಯಿದೆ. ಅದು ಸುಲಭದ ದಾರಿಯಲ್ಲ, ಆದರೆ ಅಂಥದೊಂದು ಇದೆ ಎನ್ನುವುದೇ ನಮ್ಮ ಕಡೆಯ ಕ್ಯಾಸೆಟ್ ಸಂಗ್ರಾಹಕರಿಗೆ ಗೊತ್ತಿಲ್ಲ.

ಕಲಾವಿದರು ಬದುಕಿದ್ದರೆ ಅವರನ್ನು ಹುಡುಕಿ ಮಾತಾಡಿಸಬೇಕೇ? ಅವರಿಗೆ ಇಷ್ಟವಾಗದಿದ್ದರೆ?

ಹುಡುಕಬೇಕು, ಮತ್ತು ಇಷ್ಟವಿಲ್ಲ ಎಂದರೆ ಎದ್ದು ಬರಬೇಕು. ಇಥಿಯೋಪಿಯದ ಹೈಲು ಮೆರ್ಗಿಯಾ 1985ರಲ್ಲಿ ಅಕಾರ್ಡಿಯನ್ನು, ಸಿಂಥಸೈಜರು, ಲಯಯಂತ್ರಗಳನ್ನು ಒಬ್ಬರೇ ನುಡಿಸಿ ಒಂದು ಕ್ಯಾಸೆಟ್ ಮಾಡಿದ್ದರು. ಅದು 2013ರಲ್ಲಿ ಮರುಮುದ್ರಣವಾದಾಗ ಅವರು ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಮತ್ತೆ ವೇದಿಕೆ ಹತ್ತಿದರು. ನೈಜೀರಿಯದ ವಿಲಿಯಂ ಒನ್ಯೆಯಬರ್ ಅವರ ಸಿಂಥಸೈಜರ್ ಹಾಡುಗಳೂ ಅದೇ 2013ರಲ್ಲಿ ಮತ್ತೆ ಬಂದು ಮೆಚ್ಚುಗೆ ಪಡೆದವು. ಆದರೆ ಅವರು ಅಷ್ಟರಲ್ಲಿ ಧರ್ಮದ ದಾರಿ ಹಿಡಿದಿದ್ದರು, ಹಳೆಯ ಸಂಗೀತದ ಬಗ್ಗೆ ಮಾತನಾಡಲು ಕೊನೆಯವರೆಗೂ ಒಲ್ಲೆ ಎಂದರು.

ನನಗೂ ಎರಡೂ ಆಗಿವೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡು ನುಡಿಸಿ, ಒಂದು ಕ್ಯಾಸೆಟ್ಟಿಗೂ ನುಡಿಸಿದ್ದ ಹಿರಿಯರೊಬ್ಬರನ್ನು ಹಾವೇರಿ ಕಡೆಯ ಊರಿನಲ್ಲಿ ಕಂಡು, ಅವರದೇ ಹಾಡನ್ನು ಕೇಳಿಸಿದೆ. ಅವರು ಪೂರ್ತಿ ಕೇಳಿ, ‘ಎರಡನೇ ಚರಣದಾಗ ಕೈ ತಪ್ಪೈತಿ ನೋಡ್ರಿ’ ಎಂದು ಹೇಳಿ ಚಹಾ ತರಿಸಿದರು. ಲೇಬಲ್ಲಿನ ಮೇಲೆ ತಮ್ಮ ಹೆಸರೇ ಇಲ್ಲವೆಂದು ಅವರಿಗೆ ಗೊತ್ತಾದದ್ದು ಅವತ್ತೇ. ಅಂದಿನಿಂದ ನಾನು ಯಾವ ಹಾಡಿನ ಪ್ರತಿ ತೆಗೆದರೂ ಕಡತದ ಹೆಸರಿನಲ್ಲಿ ಹಾಡಿದವರ ಜೊತೆ ನುಡಿಸಿದವರಿಗೂ ಜಾಗ ಬಿಟ್ಟಿರುತ್ತೇನೆ, ಗೊತ್ತಿಲ್ಲದಿದ್ದರೆ ಖಾಲಿಯಾಗಿಯೇ.

ತರುವಾಗ ಕೈಜಾರಿ ಪ್ಲೇಟು ಎರಡು ತುಂಡಾತು. ಒಗದು ಬಿಡಲೇನು?

ಒಗೆಯಬೇಡಿ, ಅಂಟಿಸಲೂ ಬೇಡಿ. ಅಂಟು ಗೀರಿನೊಳಗೆ ಹರಿದರೆ ಅಲ್ಲಿಗೆ ಮುಗಿಯಿತು. ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಗಟ್ಟಿ ರಟ್ಟಿನ ನಡುವೆ ಸಪಾಟಾಗಿ ಇಡಿ. ಅಂಚುಗಳನ್ನು ನಿಖರವಾಗಿ ಕೂಡಿಸಿ ಗೀರುಗಳನ್ನು ಮುಳ್ಳಿಲ್ಲದೆ, ಚಿತ್ರ ತೆಗೆದು ಓದುವ ವಿಧಾನಗಳು ಈಗ ಇವೆ. ಚೂರುಗಳು ಎಷ್ಟೇ ಸಣ್ಣವಿದ್ದರೂ ಗುಡಿಸಿ ಹೊರಹಾಕದೆ ಒಂದು ಲಕೋಟೆಗೆ ಹಾಕಿ, ಅದರ ಮೇಲೆ ಅಚ್ಚಿನ ಸಂಖ್ಯೆಯನ್ನೂ ತಟ್ಟೆ ಯಾರ ಮನೆಯಿಂದ ಬಂತೆಂಬುದನ್ನೂ ಬರೆದಿಡಿ.